ಬೀರುವಿನ ಗಾಳಿ

ತರೀಕೆರೆ
12 ಜೂನ್ 2024

ಶಾಂಭವಿಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ, ಶ್ರೀಮತಿ ಎಂದು ಬರೆಯಲು ಮನಸ್ಸು ಬರಲಿಲ್ಲ. ಹೆಸರೊಂದೇ ಸಾಕು ಎಂದು ಬಿಟ್ಟೆ.

ಫೋನ್ ಮಾಡಬಹುದಿತ್ತು. ನಿನ್ನ ನಂಬರು ನಮ್ಮ ಫಾರಂನಲ್ಲೇ ಇದೆ. ಆದರೆ ಅದನ್ನು ಎತ್ತುವುದು ನಿನ್ನ ಗಂಡ ತೀರ್ಥೇಶ್ ಎಂಬುದು ಎರಡು ಸಲ ಮಾಡಿದ ಮೇಲೆ ಗೊತ್ತಾಯಿತು. ಹಾಸ್ಟೆಲಿನಲ್ಲಿ ಜಗಳವಾದಾಗ ಕಾಗದ ಬರೆದು ಒಬ್ಬರ ದಿಂಬಿನ ಕೆಳಗೆ ಒಬ್ಬರು ಇಡುತ್ತಿದ್ದೆವಲ್ಲ, ಅದನ್ನೇ ಮತ್ತೆ ಹಿಡಿದಿದ್ದೇನೆ. ನಿಮ್ಮ ಬೀದಿಯ ಅಂಗನವಾಡಿ ಟೀಚರ್ ಜಯಲಕ್ಷ್ಮಮ್ಮನವರ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವರು ಬಿಚ್ಚಿ ನೋಡುವವರಲ್ಲ.

ನಾನು ಈಗ ಅಡುಗೆಮನೆಯ ಹೊಗೆ ಅಳೆಯುವ ಒಂದು ಸಮೀಕ್ಷೆಯಲ್ಲಿ ಕೆಲಸ ಮಾಡುತ್ತೇನೆಂದು ನಿನಗೆ ಶನಿವಾರ ಗೊತ್ತಾಗಿದೆ. ಸಖರಾಯಪಟ್ಟಣದ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದಾಗ ಒಂದು ವಾರ ಖುಷಿಯಲ್ಲಿದ್ದೆ. ಐದು ವರ್ಷವಾದ ಮೇಲೆ ಸಿಗುತ್ತೀಯ, ಏನು ಹೇಳಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ. ನಿನ್ನ ಅತ್ತೆ ನನ್ನ ಹೆಸರು ಕೇಳಿದರು. ಅಪ್ಪನ ಹೆಸರು ಕೇಳಿದರು. ಆಮೇಲೆ ಲಕ್ಕವಳ್ಳಿಯಲ್ಲಿ ಯಾವ ಬೀದಿ ಎಂದು ಕೇಳಿದರು. ಅಷ್ಟಾದ ಮೇಲೆ ಅಡುಗೆಮನೆಯ ಹೊಸ್ತಿಲ ಹತ್ತಿರ, ನನ್ನ ಕೈಯಲ್ಲಿದ್ದ ಹೊಗೆ ಅಳೆಯುವ ಮಿಷನ್ ನೋಡಿ, "ಅಲ್ಲೇ ಕೊಡಮ್ಮ, ನಮ್ ಸೊಸೆ ನೇತಾಕ್ತಾಳೆ" ಎಂದರು. ನೀನು ಕೈ ಚಾಚಿ, "ಕೊಡಿ, ನೀವು ಹೇಳಿ, ಎಲ್ಲಿ ಕಟ್ಟಬೇಕು?" ಎಂದೆ.

ನೀವು. ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು ನನ್ನನ್ನು ನೀವು ಎಂದೆ. ನಾನೂ "ಒಲೆಯಿಂದ ಒಂದು ಮೀಟರ್ ದೂರ, ಒಂದೂವರೆ ಮೀಟರ್ ಎತ್ತರ, ನೋಡಿಕೊಂಡು ಕಟ್ಟಿ" ಎಂದು ಪಾಠ ಒಪ್ಪಿಸಿ ಬಂದೆ.

ಅದು ಇರಲಿ. ಎರಡು ದಿನದ ಅಂಕಿ ನೋಡಿದೆ. ಕಟ್ಟಿಗೆ ಒಲೆಯ ಮನೆಯಲ್ಲಿ ಬರುವುದರ ಹತ್ತರಲ್ಲೊಂದು ಪಾಲೂ ಬಂದಿಲ್ಲ. ನಮ್ಮ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಇಟ್ಟರೂ ಇಷ್ಟು ಶುದ್ಧ ಗಾಳಿ ಸಿಗುವುದಿಲ್ಲ. ನಿಮ್ಮ ಹೊಸ್ತಿಲ ಈಚೆ ನಿಂತಿದ್ದ ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು, ನೀನು ಎರಡು ಸಲ ಕೆಮ್ಮಿದೆ. ನಿಜ ಹೇಳು, ಮಿಷನ್ನನ್ನು ಎಲ್ಲಿ ಕಟ್ಟಿದ್ದೆ?

ನಿನಗೆ ಮೂರು ತಿಂಗಳು ಎಂದು ಫಾರಂನಲ್ಲಿದೆ. ಹಿಂದಿನ ಹೆರಿಗೆಯ ಕಾಲಂನಲ್ಲಿ ಮಗು ಉಳಿಯಲಿಲ್ಲ ಎಂದು ಬರೆಸುವಾಗ ನೀನು ಗೋಡೆ ನೋಡುತ್ತಿದ್ದೆ. ಅದಕ್ಕೇ ಕೇಳುತ್ತಿದ್ದೇನೆ.

ಯಶೋಧರಾ


ಸಖರಾಯಪಟ್ಟಣ
25 ಜೂನ್ 2024

ಯಶೂ,

ಬೈಯುವುದಿದ್ದರೆ ನೆಟ್ಟಗೆ ಬೈ ಕಣೇ. ನೀವು ಅಂದೆ, ಹೌದು. ನೀನು ಅಂದಿದ್ದರೆ ಅತ್ತೆ ಆ ಹೊತ್ತೇ ಕೇಳುತ್ತಿದ್ದರು, ಇವಳು ನಿನಗೆ ಹೇಗೆ ಗೊತ್ತು, ಎಷ್ಟು ಗೊತ್ತು, ಎಲ್ಲಿ ಉಂಡೆ ಅಂತ. ನೀನು ಬಂದ ಕೆಲಸ ಮುಗಿಸಿ ಹೋಗುತ್ತೀಯ, ನಾನು ಈ ಮನೆಯಲ್ಲಿ ಇರಬೇಕಾದವಳು. ಇದನ್ನು ಬರೆದು ಓದಿದರೆ ನನಗೇ ಸರಿ ಕಾಣುತ್ತಿಲ್ಲ. ಆದರೂ ಹೊಡೆದು ಹಾಕುವುದಿಲ್ಲ.

ಮಿಷನ್ ಎಲ್ಲಿತ್ತು ಅಂದೆಯಲ್ಲ. ಬೀರುವಿನಲ್ಲಿತ್ತು.

ನಗಬೇಡ. ದುಬಾರಿ ಮಿಷನ್ನು, ಕೆಟ್ಟರೆ ಬೆಂಗಳೂರಿಗೇ ಕಳಿಸಬೇಕು, ಜೋಪಾನ ಅಂತ ನೀನು ಹತ್ತು ಸಲ ಹೇಳಿ ಹೋದೆ. ನೀನು ಗೇಟು ದಾಟಿದ್ದೇ ತಡ ಅತ್ತೆ, "ಈ ಮಸೀಲಿ ನೇತಾಕಿ ನಾಳೆ ಕೆಟ್ಟೋದ್ರೆ ಯಾರು ಜವಾಬ್ದಾರಿ? ಬ್ಯಾರೆಯವರ ವಸ್ತು. ಎತ್ತಿಡು" ಅಂದರು. ಮೆತ್ತನೆ ಟವೆಲಿನಲ್ಲಿ ಸುತ್ತಿ, ನಡುಮನೆಯ ಬೀರುವಿನಲ್ಲಿ ನನ್ನ ಮದುವೆ ಸೀರೆಯ ಮೇಲೆ ಇಟ್ಟರು. ಬೀಗ ಹಾಕಿದರು. ಸೋಮವಾರ ನೀನು ಬರುವ ಹೊತ್ತಿಗೆ ತೆಗೆದು ನನ್ನ ಕೈಗೆ ಕೊಟ್ಟರು. ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ ಯಶೂ. ಬೇರೆಯವರ ಪಾತ್ರೆ ತಂದರೆ ಅವರು ತೊಳೆದು ಹುಣಸೆಹಣ್ಣು ಹಾಕಿ ಉಜ್ಜಿ ಕೊಡುವವರು. ಮೋಸ ಅಂದರೆ ನನ್ನದು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಮ್ಮಲ್ಲಿ ಗ್ಯಾಸ್ ಇದೆ. ನೆಂಟರು ಬಂದರೆ ಟೀ ಕಾಯಿಸುತ್ತೇವೆ, ಉಳಿದ ದಿನ ಅದರ ಮೇಲೆ ಕಸೂತಿಯ ಬಟ್ಟೆ. ಯಾಕೆ ಅಂತ ನೀನು ಫಾರಂನಲ್ಲಿ ಕೇಳಿದ್ದೆ. ತಲೆ ಎತ್ತಿ ನೋಡಿದ್ದರೆ ನಿನಗೇ ಕಾಣುತ್ತಿತ್ತು. ಅಡುಗೆಮನೆಯ ಮೇಲೆ ಅಟ್ಟ. ಅಟ್ಟದ ತುಂಬ ಕಾಯಿ, ಸಿಪ್ಪೆ ಸಮೇತ. ಮಳೆಗಾಲ ಮುಗಿಯುವವರೆಗೆ ಕೆಳಗಿನಿಂದ ಬೆಚ್ಚಗೆ ಹೊಗೆ ಹೋಗುತ್ತಿದ್ದರೇ ಅವು ಒಳಗೊಳಗೇ ಒಣಗಿ ಕೊಬ್ಬರಿ ಆಗುವುದು. ಹೊಗೆ ತಪ್ಪಿದರೆ ಬೂಷ್ಟು. ಕರಿಬಸಮ್ಮನ ಮನೆ ಕೊಬ್ಬರಿ ಅಂದರೆ ಅತ್ತೆಗೆ ಮಗನ ಮೇಲಿಲ್ಲದ ಹೆಮ್ಮೆ. ಅದಕ್ಕೇ ಮೂರು ಹೊತ್ತೂ ಒಲೆ. ಹಸಿ ಸಿಪ್ಪೆ, ಒದ್ದೆ ಗರಿ. ನಾನು ಅದರ ಮುಂದೆ.

ಹಿಂದಿನದು ಏಳು ತಿಂಗಳಿಗೆ ಹುಟ್ಟಿತು. ಎರಡು ದಿನ ಇತ್ತು. ಗಂಡು. ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ದಯವಿಟ್ಟು ಇದನ್ನು ಎಲ್ಲೂ ಹೇಳಬೇಡ.

ಶಾಂಭವಿ


ಲಕ್ಕವಳ್ಳಿ
3 ಜುಲೈ 2024

ಶಾಂಭವಿ,

ನಗಲಿಲ್ಲ.

ನಿನ್ನ ಕಾಗದ ಕೈಗೆ ಬರುವ ಹೊತ್ತಿಗೆ ನಿಮ್ಮ ಮನೆಯ ಅಂಕಿ ಮೇಲಿನವರಿಗೆ ಹೋಗಿ ಆಗಿತ್ತು. ಪ್ರತಿ ಮನೆಗೂ ಒಂದು ಕಾಗದ ಕಳಿಸುತ್ತಾರೆ. ಹೊಗೆ ಹೆಚ್ಚಿದ್ದರೆ ಕೆಂಪು, ನಡುವೆ ಇದ್ದರೆ ಹಳದಿ, ಇಲ್ಲದಿದ್ದರೆ ಹಸಿರು. ನಿಮಗೆ ಹಸಿರು ಬರುತ್ತದೆ. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಯಾಕೆಂದು ಇನ್ನೊಮ್ಮೆ ಬರೆಯುತ್ತೇನೆ, ಈಗ ಧೈರ್ಯವಿಲ್ಲ.

ನೀನಾದರೂ ಗ್ಯಾಸ್ ಹಚ್ಚು. ಕಾಯಿ ಒಣಗಲಿ, ಬಿಡಲಿ. ಡಾಕ್ಟರ ಹತ್ತಿರ ಹೋದಾಗ ಹೊಗೆಯ ವಿಷಯ ನಿನ್ನ ಬಾಯಿಂದಲೇ ಹೇಳು.

ಯಶೋಧರಾ


ಸಖರಾಯಪಟ್ಟಣ
18 ಆಗಸ್ಟ್ 2024

ಯಶೋಧರಾ,

ಹೇಳಿದೆ. ಕೇಳು ಏನಾಯಿತು ಅಂತ.

ಮೊನ್ನೆ ಕಡೂರಿನಲ್ಲಿ ಸ್ಕ್ಯಾನಿಂಗ್ ಆಯಿತು. ಐದು ತಿಂಗಳಿಗೆ ಇರಬೇಕಾದಷ್ಟು ಬೆಳೆದಿಲ್ಲ ಅಂದರು ಡಾಕ್ಟರಮ್ಮ. ಮನೆಯಲ್ಲಿ ಸೌದೆ ಒಲೆಯೇ, ಹೊಗೆ ಇದೆಯೇ ಅಂತ ಅವರೇ ಕೇಳಿದರು. ದೇವರೇ ಬಾಯಿ ಬಿಡಿಸಿದ ಹಾಗಾಯಿತು. ತುಂಬ ಇದೆ ಮೇಡಂ, ನನಗೆ ಉಸಿರು ಕಟ್ಟುತ್ತದೆ ಅಂದೆ. ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು ಫೋನು ತೆಗೆದರು. ಹಸಿರು ಕಾಗದದ ಫೋಟೊ. "ಇಲ್ಲ ಮೇಡಂ, ಮಿಷನ್ ಇಟ್ಟು ನೋಡವ್ರೆ, ನಮ್ಮನೇಲಿ ಗಾಳಿ ಚೆನ್ನಾಗೈತೆ" ಅಂದರು. ಡಾಕ್ಟರಮ್ಮ ಕಾಗದ ಓದಿದರು, ನನ್ನನ್ನು ನೋಡಿದರು. ಹಾಗಾದರೆ ಊಟ ಚೆನ್ನಾಗಿ ಮಾಡಮ್ಮ, ಸುಮ್ಮನೆ ಹೆದರಬೇಡ ಅಂತ ಟಾನಿಕ್ ಬರೆದುಕೊಟ್ಟರು.

ಬಸ್ಸಿನಲ್ಲಿ ಬರುವಾಗ ನಮ್ಮನೆಯವರು ಹೇಳಿದ ಮಾತು ಇದು: "ಅಮ್ಮನ್ನ ಕೆಟ್ಟವಳ ಥರ ಎಲ್ಲರ ಮುಂದೆ ಹಿಂಗ್ ತೋರಿಸ್ಬೇಡ ಶಾಂಭವಿ." ಅವರು ಕೆಟ್ಟವರಲ್ಲ. ಕಾಗದ ನಂಬಿದ್ದಾರೆ. ಅಚ್ಚಾಗಿ ಬಂದದ್ದನ್ನು ನಂಬುವ ಜಾತಿ ಅವರದು. ಅದನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಾರೆ. ನಾನು ಕೆಮ್ಮಿದಾಗಲೆಲ್ಲ ಅದು ನನ್ನನ್ನೇ ನೋಡುತ್ತಿರುತ್ತದೆ.

ಬೀರುವಿನ ವಿಷಯ ಗಂಡನಿಗೆ ಹೇಳು ಅನ್ನಬಹುದು ನೀನು. ಹೇಳಿದರೆ ಅತ್ತೆಯ ಮೇಲೆ ಚಾಡಿ ಅನ್ನುತ್ತಾರೆ. ಅತ್ತೆಗೂ ರಾತ್ರಿಯೆಲ್ಲ ಕೆಮ್ಮು, ಆದರೆ ಅವರು ಅದನ್ನು ಕೆಮ್ಮು ಅಂತ ಲೆಕ್ಕಕ್ಕೇ ಇಟ್ಟಿಲ್ಲ, ವಯಸ್ಸು ಅನ್ನುತ್ತಾರೆ.

ನಿನ್ನ ಕಾಗದ ನನ್ನ ಬಾಯಿ ಮುಚ್ಚಿಸಿತು. ಮೊದಲು ಹೊಗೆ ಒಂದೇ ಇತ್ತು. ಈಗ ಹೊಗೆ ಇಲ್ಲ ಅನ್ನುವುದಕ್ಕೆ ಸಾಕ್ಷಿಯೂ ಇದೆ. ಅದನ್ನು ವಾಪಸ್ ತಗೋ. ಹೇಗೆ ಅಂತ ನನಗೆ ಗೊತ್ತಿಲ್ಲ, ತಗೋ.

ಶಾಂಭವಿ


ತರೀಕೆರೆ
30 ಆಗಸ್ಟ್ 2024

ಶಾಂಭವಿ,

ವಾಪಸ್ ತೆಗೆದುಕೊಳ್ಳಲು ಒಂದು ಫಾರಂ ಇದೆ. ಅದರಲ್ಲಿ ಕಾರಣ ಎಂದು ಒಂದು ಕಾಲಂ ಇದೆ. ಆ ಕಾಲಂ ಮುಂದೆ ಒಂದು ವಾರದಿಂದ ಕೂತಿದ್ದೇನೆ.

ಮಿಷನ್ ಯಾರು ಕಟ್ಟಿದರು ಎಂಬ ಪ್ರಶ್ನೆಗೆ ನಾನೇ ಎಂದು ಬರೆದು ಸಹಿ ಹಾಕಿದ್ದೇನೆ. ನಾವೇ ಕಟ್ಟಬೇಕು, ಮನೆಯವರ ಕೈಗೆ ಕೊಡಬಾರದು ಎಂಬುದು ಮೊದಲ ನಿಯಮ. ಕೃತಿಕಾ ಮೇಡಂ, ನಮ್ಮ ಮೇಲಿನವರು, ತರಬೇತಿಯಲ್ಲಿ ಇದನ್ನೇ ಮೂರು ಸಲ ಹೇಳಿದ್ದರು. ಯಾರಾದರೂ ಒಳಗೆ ಬಿಡದಿದ್ದರೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತದ್ದು ನಿಮ್ಮ ಮನೆಯೊಂದರಲ್ಲೇ ಅಲ್ಲ. ಮೂವತ್ತೆಂಟರಲ್ಲಿ ಹನ್ನೊಂದು ಮನೆ. ಹನ್ನೊಂದರಲ್ಲೂ ನಾನೇ ಕಟ್ಟಿದೆ ಎಂದು ಬರೆದೆ.

ಯಾಕೆ ಬರೆದೆ ಎಂದರೆ, ನಾಚಿಕೆ. ತಪ್ಪು ಮಾಡಿದವಳ ನಾಚಿಕೆಯಲ್ಲ. ಒಳಗೆ ಬರಬೇಡ ಅನ್ನಿಸಿಕೊಂಡವಳ ನಾಚಿಕೆ. ಅದನ್ನು ಕಂಪ್ಯೂಟರಿನಲ್ಲಿ ಹೊಡೆದು, ಆಫೀಸಿನಲ್ಲಿ ಎಲ್ಲರೂ ಓದಿ, ಪಾಪ ಎಂದು ನನ್ನ ಮುಖ ನೋಡುವುದು ನನಗೆ ಬೇಡವಾಗಿತ್ತು. ನಿಮ್ಮ ಮನೆಯದ್ದು ಉಳಿದ ಹತ್ತಕ್ಕಿಂತ ಹೆಚ್ಚು ಸುಟ್ಟಿತು, ಕಾರಣ ನಿನಗೆ ಗೊತ್ತು.

ಅಪ್ಪನಿಗೆ ಹೇಳಿದೆ. ನನ್ನಪ್ಪ ಮುನಿಯಪ್ಪ ಭದ್ರಾ ಡ್ಯಾಮಿನ ಗೇಟಿನ ಕೆಲಸದಲ್ಲಿದ್ದದ್ದು ನಿನಗೆ ನೆನಪಿರಬಹುದು. ಪೂರ್ತಿ ಕೇಳಿ, "ನಾನು ಮೂವತ್ತು ವರ್ಷ ಗೇಟಿನ ಬುಕ್ಕು ಬರ್ದಿದೀನಿ. ಎರಡಡಿ ಎತ್ತಿ ಒಂದಡಿ ಅಂತ ಬರೆದಿದ್ರೆ ಇಲ್ಲಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣಮ್ಮ. ಕೆಳಗಡೆ ಊರ್ನೋರಿಗೆ ಗೊತ್ತಾಗ್ತಿತ್ತು" ಎಂದರು. ಎದ್ದು ಹೋದರು.

ನಾನು ನಿಜ ಬರೆದರೆ ಕೃತಿಕಾ ಮೇಡಂ ನನ್ನನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತಾರೆ. ಮತ್ತೆ ಅಳೆಯುತ್ತಾರೆ. ನಿನ್ನ ಅತ್ತೆಯ ಮುಂದೆ, ಗಂಡನ ಮುಂದೆ, ಬೀರುವಿನ ವಿಷಯ ನೀನು ಹೇಳಬೇಕು. ನನ್ನನ್ನು ಒಳಗೆ ಕರೆಯಬೇಕು. ಕರೆಯುತ್ತೀಯಾ? ಹೌದು ಅಥವಾ ಇಲ್ಲ, ಒಂದೇ ಮಾತು ಬರೆ.

ಯಶೋಧರಾ


ಸಖರಾಯಪಟ್ಟಣ
14 ಸೆಪ್ಟೆಂಬರ್ 2024

ಯಶೂ,

ಬೇಡ.

ಏಳು ತಿಂಗಳು ತುಂಬುತ್ತಲೇ ಅಜ್ಜಂಪುರಕ್ಕೆ, ಅಮ್ಮನ ಮನೆಗೆ ಹೋಗಿಬಿಡುತ್ತೇನೆ, ಅಲ್ಲಿ ಗ್ಯಾಸಿನ ಅಡುಗೆ, ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆ. ನಿನ್ನೆ ಅಮ್ಮ ಕರೆಯಲು ಬಂದಿದ್ದಳು. ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ, ನಿಮಗೆ ಗೊತ್ತಿಲ್ಲದ ಪದ್ಧತಿಯೇ ಅಂದರು ಅತ್ತೆ. ಅದು ಹೆರಿಗೆ ಅಂತ ಲೆಕ್ಕವೇ ಅಂದಳು ಅಮ್ಮ. "ನಿಮ್ ಮನೇಲೇ ಆಗಿದ್ದಲ್ವಾ, ಏನಾಯ್ತು ನೋಡಿದ್ರಲ್ಲ" ಅಂದರು ಅತ್ತೆ. ಅಮ್ಮ ಹಣ್ಣಿನ ಚೀಲ ಇಟ್ಟು ಹೊರಟುಹೋದಳು. ನಾನು ಒಲೆ ಊದುತ್ತಾ ಇದ್ದೆ.

ನನ್ನ ಮಗನನ್ನು ಲೆಕ್ಕಕ್ಕೆ ಹಿಡಿದದ್ದು ಇದೊಂದೇ ಸಲ. ಅದೂ ನನ್ನನ್ನು ಇಲ್ಲೇ ಇಟ್ಟುಕೊಳ್ಳುವುದಕ್ಕೆ.

ಇಷ್ಟರ ನಡುವೆ ನೀವಿಬ್ಬರೂ ಬಂದು ನಿಂತರೆ ನಾನು ತಡೆಯಲಾರೆ. ಬರಬೇಡ.

ನಿನ್ನ ಶಾಂಭವಿ


ತರೀಕೆರೆ
1 ಅಕ್ಟೋಬರ್ 2024

ಶಾಂಭವಿ,

ನೀನು ಬೇಡ ಅಂದೆ, ನಾನು ಬಂದೆ. ಫಾರಂ ತುಂಬಿ ಕಳಿಸಿದ ಮೇಲೆ ಅದು ನನ್ನ ಕೈಯಲ್ಲೂ ಇರಲಿಲ್ಲ. ನಿನ್ನೆ ನಡೆದದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಹೊಸ್ತಿಲ ಈಚೆಯಿಂದ ಅದು ಹೇಗೆ ಕಾಣುತ್ತದೆಂದು ಒಮ್ಮೆಯಾದರೂ ನಿನಗೆ ತಿಳಿಯಲಿ.

ನಿನ್ನ ಅತ್ತೆ ಕೃತಿಕಾ ಮೇಡಂಗೆ "ಬನ್ನಿ ಒಳಗೆ" ಎಂದರು. ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೇಡಂ, "ನನಗೆ ಕಟ್ಟಲು ಬರುವುದಿಲ್ಲ, ಈ ಹುಡುಗಿಗೇ ಬರುವುದು, ಅವಳು ಒಳಗೆ ಬರಬೇಕು" ಎಂದರು. ನಿನ್ನ ಅತ್ತೆ ಸೆರಗು ಸರಿ ಮಾಡಿಕೊಂಡರು. ತೀರ್ಥೇಶ್ ಬಾಗಿಲಿನ ಹಸಿರು ಕಾಗದ ತೋರಿಸಿ, ಒಂದು ಸಲ ನೋಡಿಯಾಗಿದೆಯಲ್ಲ, ಮತ್ತೇಕೆ ಎಂದರು. ಮೇಡಂ ನಿನ್ನ ಕಡೆ ತಿರುಗಿ, "ಜೂನ್‌ನಲ್ಲಿ ಮಿಷನ್ ಎಲ್ಲಿತ್ತಮ್ಮ?" ಎಂದು ಕೇಳಿದರು.

ನಿನ್ನ ಕೈಯಲ್ಲಿ ತುಂಬಿದ ಬಿಂದಿಗೆ ಇತ್ತು. ಒಲೆ ನಿನ್ನ ಹಿಂದೆ ಹೊಗೆಯಾಡುತ್ತಿತ್ತು. ನೀನು ನಿನ್ನ ಪಾದ ನೋಡುತ್ತಾ, "ಗೊತ್ತಿಲ್ಲ ಮೇಡಂ" ಎಂದೆ.

ಕಟ್ಟದೆಯೇ ಮಿಷನ್ನಿನ ಪೆಟ್ಟಿಗೆ ಎತ್ತಿಕೊಂಡು ಬಂದೆವು. ನಿಮ್ಮ ಮನೆಯನ್ನು ಪಟ್ಟಿಯಿಂದ ತೆಗೆದಿದ್ದಾರೆ. ನನಗೆ ಒಂದು ಎಚ್ಚರಿಕೆ ಪತ್ರ ಬಂದಿದೆ, ಹನ್ನೊಂದು ಮನೆಗೂ ಮತ್ತೆ ಹೋಗಬೇಕು. ಬಸ್ಸಿನಲ್ಲಿ ಮೇಡಂ ನನ್ನ ಕೈ ಹಿಡಿದುಕೊಂಡರು. ನನಗೆ ಬೇಡವಾಗಿದ್ದುದು ಅದೇ.

ನಿನ್ನ ಮೇಲೆ ನನಗೆ ಕೋಪವಿದೆ. ನಿನ್ನ ಉಸಿರಿನ ಬಗ್ಗೆ ಭಯವೂ ಇದೆ. ಎರಡನ್ನೂ ಒಟ್ಟಿಗೆ ಹೊತ್ತು ಓಡಾಡಲು ನನ್ನಿಂದ ಆಗುತ್ತಿಲ್ಲ. ಇನ್ನು ಬರೆಯುವುದಿಲ್ಲ.

ಯಶೋಧರಾ


ಸಖರಾಯಪಟ್ಟಣ
9 ಅಕ್ಟೋಬರ್ 2024

ಯಶೂ,

ನೀನು ಬರೆಯಬೇಡ. ಓದು ಸಾಕು.

ನೀವು ಗೇಟು ದಾಟಿದಿರಿ. ಅತ್ತೆ, "ಹೋದ್ರಲ್ಲ, ಅನ್ನಕ್ಕಿಡು" ಅಂದರು. ಆ ಬಿಂದಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ತಿರುಗಿ ಒಲೆಗೆ ಸುರಿದೆ. ಪೂರ್ತಿ. ಕೆಂಡವೆಲ್ಲ ಚುಯ್ ಅಂತು, ಬೂದಿ ಮೇಲೆದ್ದು ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಕಾಣದೇ ಇದ್ದದ್ದರಿಂದಲೇ ಮಾತು ಬಂತೋ ಏನೋ. ಮಿಷನ್ ಬೀರುವಿನಲ್ಲಿತ್ತು ರೀ, ನನ್ನ ಮದುವೆ ಸೀರೆ ಮೇಲಿತ್ತು ಅಂದೆ. ಅವಳು ನನ್ನ ಗೆಳತಿ ಅಂದೆ. ಮೂರು ವರ್ಷ ಅವಳ ತಟ್ಟೆಯಲ್ಲಿ ಉಂಡಿದ್ದೇನೆ, ಅದಕ್ಕೇನು ಮಾಡುತ್ತೀರೋ ಮಾಡಿ ಅಂದೆ. ಇನ್ನು ಈ ಒಲೆ ಮುಂದೆ ಕೂರುವುದಿಲ್ಲ ಅಂತಲೂ ಅಂದೆ.

ಅತ್ತೆ ಹೊಡೆಯಲಿಲ್ಲ, ಬೈಯಲೂ ಇಲ್ಲ. "ಉರಿಯೋ ಒಲೆಗೆ ನೀರು ಹುಯ್ದೆಯಲ್ಲೇ. ನಾನು ಬಂದಾಗಿಂದ ಒಂದ್ ದಿನ ಆರಿರ್ಲಿಲ್ಲ ಕಣೇ ಅದು" ಅಂತ ಅಲ್ಲೇ ಕೂತುಬಿಟ್ಟರು. ಅವರ ಮುಖ ನೋಡಿ ನನಗೆ ಅಳು ಬಂತು. ನಮ್ಮನೆಯವರು, "ಅಮ್ಮ, ಬೀರುವಲ್ಲಿ ಇತ್ತಾ?" ಅಂದರು. ಅತ್ತೆ ಒದ್ದೆ ಬೂದಿ ಗೋರತೊಡಗಿದರು. ಇವರು ಇನ್ನೊಂದು ಸಲ ಕೇಳಲಿಲ್ಲ. ಹಸಿರು ಕಾಗದ ಇನ್ನೂ ಬಾಗಿಲಲ್ಲೇ ಇದೆ.

ನೀರು ಕುಡಿದು ಮಣ್ಣಿನ ಒಲೆ ಸೀಳಿಹೋಯಿತು. ಮೂರನೆಯ ದಿನ ಅತ್ತೆಯೇ ಮಣ್ಣು ಕಲಸಿ ಮೆತ್ತಿದರು. ಈಗ ಅಡುಗೆಯನ್ನು ನಾನು ಗ್ಯಾಸಿನಲ್ಲಿ ಮಾಡುತ್ತೇನೆ. ನಾನು ಹಿತ್ತಲಿಗೆ ಹೋದ ಮೇಲೆ ಅವರು ಅಟ್ಟದ ಕಾಯಿಗೆ ಅಂತ ಒಲೆಗೆ ಸಿಪ್ಪೆ ಹಾಕುತ್ತಾರೆ. ಕದ ಹಾಕಿಕೊಂಡು ಒಳಗೆ ಒಬ್ಬರೇ ಕೆಮ್ಮುತ್ತಾರೆ. ಇಬ್ಬರಿಗೂ ಮಾತಿಲ್ಲ. ತಟ್ಟೆ ಸದ್ದಿನಲ್ಲೇ ಊಟಕ್ಕೆ ಕರೆಯುವುದು.

ಎಲ್ಲ ಹೇಳಿದೆ, ನೀನು ಹೋದ ಮೇಲೆ. ನೀನು ಇದ್ದಾಗ ಮಾತು ಬರಲಿಲ್ಲ. ಒಂದು ಗಳಿಗೆ ಮುಂಚೆ ಬಂದಿದ್ದರೆ ನಿನ್ನ ಮುಂದೆ ತಲೆ ಎತ್ತಿ ನಿಲ್ಲುತ್ತಿದ್ದೆ. ಈಗ ಕ್ಷಮಿಸು ಅನ್ನುವುದಕ್ಕೂ ನಾಚಿಕೆ.

ಹೊಟ್ಟೆಯಲ್ಲಿರುವುದು ಒದೆಯುತ್ತದೆ. ಜೋರಾಗಿ ಏನಿಲ್ಲ. ಆದರೂ ಒದೆಯುತ್ತದೆ.

ಶಾಂಭವಿ


ಸಖರಾಯಪಟ್ಟಣ
19 ಡಿಸೆಂಬರ್ 2024

ಯಶೋಧರಮ್ಮಂಗೆ,

ನಾನು ಕರಿಬಸಮ್ಮ, ಶಾಂಭವಿ ಅತ್ತೆ. ನಂಗೆ ಸಹಿ ಬಿಟ್ರೆ ಬರೆಯೋಕೆ ಬರಲ್ಲ. ನನ್ನ ಮಗ ತೀರ್ಥೇಶನ ಕೈಲಿ ಬರೆಸ್ತಾ ಇದೀನಿ. ನಾ ಹೇಳಿದ್ದು ಹೇಳಿದಂಗೇ ಬರಿ, ನಿಂದೊಂದು ಮಾತು ಸೇರಿಸ್ಬೇಡ ಅಂದಿದೀನಿ. ವಿಳಾಸ ಜಯಲಕ್ಷ್ಮಮ್ಮ ಕೊಟ್ಟಳು.

ಹೆಣ್ಣು ಮಗು. ಹೋದ ತಿಂಗಳು ಹದಿನೇಳಕ್ಕೆ ಆಯ್ತು. ದಿನ ತುಂಬೋಕೆ ಇನ್ನೂ ಮೂರು ವಾರ ಇತ್ತು. ಎರಡು ಕೇಜಿಗೂ ಕಮ್ಮಿ. ಉಸಿರು ತಗೊಳ್ಳೋಕೆ ಆಗ್ತಿರ್ಲಿಲ್ಲ, ಗಾಜಿನ ಪೆಟ್ಟಿಗೇಲಿ ಇಟ್ರು, ಒಂಬತ್ತು ದಿನ. ಈಗ ಹಾಲು ಕುಡೀತದೆ.

ಹೆರಿಗೆ ಆದ ಆಸ್ಪತ್ರೇಲಿ ಮಕ್ಕಳಿಡೋ ರೂಮಿಗೆ ಮನೆಯವರು ಒಬ್ಬೊಬ್ಬರೇ ಹೋಗ್ಬೋದು. ಬೀಗ್ತಿ ಹೋಗಿ ಬಂದಳು. ನಾನು ಹೋದೆ. ನರ್ಸಮ್ಮ ಬಾಗ್ಲಲ್ಲೇ ಕೈ ಅಡ್ಡ ಇಟ್ಟಳು. "ಅಜ್ಜಿ, ನೀವು ಒಳಗೆ ಬರ್ಬೇಡಿ. ಸೀರೆಯೆಲ್ಲ ಹೊಗೆ ವಾಸನೆ, ಕೆಮ್ಮು ಬೇರೆ. ಅಲ್ಲೇ ನಿಂತು ನೋಡಿ" ಅಂದಳು. ಮಾರನೇ ದಿನ ಸ್ನಾನ ಮಾಡಿ ಬೇರೆ ಸೀರೆ ಉಟ್ಟು ಹೋದೆ. ಮೂಸಿ ನೋಡಿ, ಅದೇ ವಾಸನೆ ಅಂದಳು. ನಮ್ಮನೇಲಿ ಯಾವ ಸೀರೆಗೆ ತಾನೇ ಇಲ್ಲ. ನಂಗೆ ಒಂದು ದಿನವೂ ಗೊತ್ತಾಗಿರ್ಲಿಲ್ಲ.

ಒಂಬತ್ತು ದಿನ ಬಾಗ್ಲಲ್ಲೇ ನಿಂತೆ. ಹೋಗೋರು ಬರೋರೆಲ್ಲ ನನ್ನ ದಾಟ್ಕೊಂಡು ಹೋಗ್ತಿದ್ರು. ನಾಕನೇ ದಿನ ನಿನ್ನ ನೆಪ್ಪಾಯ್ತು. ನೀನು ಎರಡು ಸಲ ನಮ್ಮನೆ ಹೊಸ್ಲಲ್ಲಿ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದೆಯಲ್ಲ. ನಿಂಗೂ ಹಿಂಗೇ ಆಗಿರ್ಬೇಕು ಅನ್ನಿಸ್ತು. ನಂಗಾದ್ರೆ ಆ ನರ್ಸಮ್ಮ ಕಾರಣ ಹೇಳಿದಳು. ನಾನು ನಿಂಗೆ ಅದನ್ನೂ ಹೇಳ್ಲಿಲ್ಲ.

ಇಲ್ಲಿ ತೀರ್ಥೇಶ ಬರೆಯೋದು ನಿಲ್ಲಿಸಿದ. ಬರಿ ಅಂದೆ.

ಮನೆಗೆ ಕಳಿಸೋವಾಗ ಡಾಕ್ಟ್ರು, ಹೊಗೆ ಇರೋ ಮನೆಗೆ ಈ ಮಗೂನ ಕರ್ಕೊಂಡ್ ಹೋಗ್ಬೇಡಿ ಅಂದ್ರು. ಇವನು ಹಸಿರು ಕಾಗದ ತೋರಿಸೋಕೆ ಫೋನು ತೆಗೆದ. ನಾನು ಕೈ ಹಿಡ್ಕೊಂಡೆ. ಅದು ನಮ್ಮನೆ ಗಾಳಿ ಅಲ್ಲ ಕಣೋ, ಬೀರು ಗಾಳಿ ಅಂದೆ. ಎಲ್ಲರ ಮುಂದೇನೇ ಅಂದೆ. ಊರಿಗೆ ಬಂದು ಬಾಗಿಲಿನ ಕಾಗದ ನಾನೇ ಕಿತ್ತೆ. ಗೋಂದು ಬಲವಾಗಿ ಹಾಕಿದ್ದ, ಅರ್ಧ ಬಂತು.

ತಾಯಿ ಮಗು ಅಜ್ಜಂಪುರದಲ್ಲವ್ರೆ. ಪದ್ಧತಿ ಗಿದ್ಧತಿ ಅಂತ ನಾನೇನೂ ಅನ್ಲಿಲ್ಲ. ಮೂರು ತಿಂಗಳಿಗೆ ಬರ್ಬೇಕು. ಬರೋಕೆ ಮುಂಚೆ ನಮ್ಮನೆ ಗಾಳಿ ಹೆಂಗದೆ ಅಂತ ನಂಗೆ ಸರಿಯಾಗಿ ಗೊತ್ತಾಗ್ಬೇಕು. ಕೆಟ್ಟದಿದ್ರೆ ಕೆಟ್ಟದು ಅನ್ನು. ಅಟ್ಟನ ಕೊಟ್ಟಿಗೆ ಕಡೆ ಹಾಕಿಸ್ತೀನಿ, ಕೊಬ್ಬರಿ ಹೋದ್ರೆ ಹೋಗ್ಲಿ.

ನೀನೇ ಬಂದು ಕಟ್ಟು. ಒಳಗೆ ಬಾ. ಸುಳ್ಳು ಯಾಕೆ ಹೇಳ್ಲಿ, ಇಷ್ಟು ವರ್ಷದ ರೂಢಿ, ಒಳಗೊಳಗೆ ಇನ್ನೂ ಒಂಥರಾ ಆಗ್ತದೆ. ಅದು ನನ್ನ ಪಾಡು, ನೀನು ನೋಡ್ಬೇಡ. ಊಟದ ಹೊತ್ತಿಗೆ ಬಾ.

ಕರಿಬಸಮ್ಮ
(ಸಹಿ ನನ್ನದೇ)


ಲಕ್ಕವಳ್ಳಿ
26 ಡಿಸೆಂಬರ್ 2024

ಕರಿಬಸಮ್ಮನವರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಎರಡನೆಯ ಸಲ ಓದುವಾಗ ಕೋಪ ಬಂತು, ಅದನ್ನೂ ಹೇಳಿಬಿಡುತ್ತೇನೆ. ಕಾರಣ ಹೇಳಲಿಲ್ಲ ಎಂದಿರಿ. ಹೇಳಬೇಕಾಗಿರಲಿಲ್ಲ, ನನಗೆ ಗೊತ್ತಿತ್ತು. ನಿಮಗೆ ಒಂಬತ್ತು ದಿನವಾಯಿತು. ನನ್ನ ದಿನಗಳನ್ನು ನಾನು ಎಣಿಸಿಲ್ಲ.

ನಿಮ್ಮ ಮನೆ ಈಗ ಸಮೀಕ್ಷೆಯ ಪಟ್ಟಿಯಲ್ಲಿಲ್ಲ. ಆದರೂ ಕೃತಿಕಾ ಮೇಡಂ ಒಪ್ಪಿದ್ದಾರೆ. ಜನವರಿ ನಾಲ್ಕು, ಶನಿವಾರ ಬೆಳಿಗ್ಗೆ ಬರುತ್ತೇನೆ.

ನಾನು ಬರುತ್ತೇನೆಂದು ಗ್ಯಾಸ್ ಹಚ್ಚಬೇಡಿ, ಗೋಡೆ ತೊಳೆಯಬೇಡಿ. ದಿನವೂ ಏನು ಮಾಡುತ್ತೀರೋ ಅದನ್ನೇ ಮಾಡಿ. ಸಿಪ್ಪೆ ಹಾಕುವುದಿದ್ದರೆ ಹಾಕಿ. ಮಿಷನ್ನಿಗೆ ಮಸಿ ಹಿಡಿಯಲಿ, ಅದು ಇರುವುದೇ ಅದಕ್ಕೆ.

ಎರಡು ಪೆಟ್ಟಿಗೆ ತರುತ್ತೇನೆ. ದೊಡ್ಡದನ್ನು ಗೋಡೆಗೆ ನಾನೇ ಅಳೆದು ಕಟ್ಟುತ್ತೇನೆ. ಚಿಕ್ಕದು ಕೊರಳಿಗೆ ಹಾಕಿಕೊಳ್ಳುವಂಥದ್ದು, ಅದು ನಿಮಗೆ. ಸೊಸೆಗಿಂತ ಮುಂಚೆ ಅಷ್ಟು ವರ್ಷ ಆ ಒಲೆಯ ಮುಂದೆ ಕೂತವರು ನೀವು. ನಿಮ್ಮೊಳಗೆ ಎಷ್ಟು ಹೊಗೆ ಹೋಗಿದೆಯೆಂದು ಇದುವರೆಗೆ ಯಾರೂ ಕೇಳಿಲ್ಲ, ನಾನೂ ಜೂನ್‌ನಲ್ಲಿ ಕೇಳಲಿಲ್ಲ.

ಅದರ ಪಟ್ಟಿಯ ಕೊಂಡಿ ಕುತ್ತಿಗೆಯ ಹಿಂದೆ ಬರುತ್ತದೆ. ನಿಮ್ಮನ್ನು ಮುಟ್ಟದೆ ಅದನ್ನು ಹಾಕಲು ಬರುವುದಿಲ್ಲ. ಮುಟ್ಟುತ್ತೇನೆ. ಈಗಲೇ ಹೇಳಿದ್ದೇನೆ, ಯೋಚನೆ ಮಾಡಲು ನಿಮಗೆ ಒಂಬತ್ತು ದಿನ ಇದೆ.

ಊಟದ ವಿಷಯ ಅದಾದ ಮೇಲೆ ಮಾತಾಡೋಣ.

ಮುನಿಯಪ್ಪನವರ ಮಗಳು,
ಯಶೋಧರಾ